ಬಾತುಗಳ ತೊಟ್ಟಿಗೆ ವಾಟ

ಊರಿನಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಅವನನ್ನು ಕರೆಯುತ್ತಿದ್ದರು. ಅವನ ಮನೆಯ ನಲ್ಲಿ ಸೋರಿದರೆ ಅವನ ಹೆಂಡತಿ ಅದಕ್ಕೆ ಬಟ್ಟೆ ಸುತ್ತುತ್ತಿದ್ದಳು.

ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು. ಬಟ್ಟೆ ಚೂರಿಗೆ ಬರವಿರಲಿಲ್ಲ. ಅಡುಗೆಮನೆಯ ನಲ್ಲಿ ಒಂದು ವರ್ಷ ಖಾಕಿ ತೊಟ್ಟಿತ್ತು, ಇನ್ನೊಂದು ವರ್ಷ ಹಸಿರು, ಈಗ ನೀಲಿ ಚೌಕಳಿ. ಅವನು "ನಾಳೆ ನೋಡ್ತೀನಿ" ಎನ್ನುತ್ತಲೇ ಇದ್ದ, ನಲ್ಲಿ ಮೇಲಿನ ತರಗತಿಗೆ ಪಾಸಾಗುತ್ತಲೇ ಇತ್ತು.

ಊರಿನವರು ಅವನನ್ನು ವಾಷರ್ ಎಂದು ಕರೆಯುತ್ತಿದ್ದರು. ಯಾವ ಮನೆಗೆ ಹೋದರೂ ಚೀಲ ಕೆಳಗಿಡುವ ಮೊದಲೇ "ವಾಷರ್ ಹೋಗಿದೆ" ಎನ್ನುವುದು ಅವನ ಚಾಳಿ. ಒಮ್ಮೆ ಇಡೀ ಬೀದಿಗೆ ನೀರು ಬಾರದ ದಿನವೂ ಹಾಗೇ ಅಂದಿದ್ದ. ಹೆಸರು ಅಂಟಿಕೊಂಡಿತು. ಅವನಿಗೂ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಟೇಪು ಎಂಬ ಇನ್ನೊಂದು ಹೆಸರಿನ ಮೇಲೆ.

ಟೇಪು ಅವನ ಕೈಕೆಳಗೆ ಸ್ಪಾನರ್ ಹಿಡಿದು ಕಸುಬು ಕಲಿತವನು. ಕಲಿತ ಮೇಲೆ ಗುರುವಿನ ಗಿರಾಕಿಗಳಲ್ಲಿ ಅರ್ಧ ಜನರನ್ನು ಕರೆದುಕೊಂಡೇ ಹೊರಗೆ ಹೋದ. ಏನು ಸೋರಿದರೂ ಬಿಳಿ ಟೇಪು ಸುತ್ತಿ ಮುಗಿಸುತ್ತಿದ್ದ. ಆದರೆ ಹೇಳಿದ ಹೊತ್ತಿಗೆ ಬರುತ್ತಿದ್ದ, ನಗುತ್ತಿದ್ದ, ಹೋಗುವಾಗ ನೆಲ ಒರೆಸುತ್ತಿದ್ದ. ವಾಷರ್ ಈ ಮೂರನ್ನೂ ಎಂದೂ ಮಾಡಿದವನಲ್ಲ.

ಇನ್ನು ಬಾತುಗಳು. ಹೊಲಿಗೆಗೆ ಬರುತ್ತಿದ್ದ ಗಿರಾಕಿಯೊಬ್ಬಳು ಮನೆ ಖಾಲಿ ಮಾಡುವಾಗ ತನ್ನ ನಾಲ್ಕು ಬಾತುಕೋಳಿಗಳನ್ನು ಇವಳ ಹಿತ್ತಲಿಗೆ ಬಿಟ್ಟುಹೋಗಿದ್ದಳು. ಅವು ಸೊಪ್ಪಿನ ಮಡಿಯ ಬಸವನಹುಳುಗಳನ್ನು ತಿಂದು ಮುಗಿಸಿದವು, ಮೊಟ್ಟೆ ಇಟ್ಟವು, ಕರೆದರೆ ಓಡಿಬಂದವು. ಆ ಮನೆಯಲ್ಲಿ ಕರೆದಾಗ ಬರುವವರು ಅವು ಮಾತ್ರ ಎಂದು ಅವಳು ಎಲ್ಲರ ಮುಂದೆ ಹೇಳುತ್ತಿದ್ದಳು.

ತೊಂದರೆ ಇದ್ದದ್ದು ನೀರಿನದು. ಬಾತುಗಳಿಗೆ ದೊಡ್ಡ ತಗಡಿನ ಬೋಗುಣಿಯಲ್ಲಿ ನೀರು ಇಟ್ಟರೆ ಬೆಳಿಗ್ಗೆ ತಿಳಿಯಾಗಿದ್ದದ್ದು ಮಧ್ಯಾಹ್ನಕ್ಕೆ ಗದ್ದೆಯಾಗುತ್ತಿತ್ತು. ಅದರಲ್ಲೇ ಈಜು, ಅದರಲ್ಲೇ ಊಟ, ಊಟ ಅರಗಿದ ಮೇಲಿನದ್ದೂ ಅದರಲ್ಲೇ. ದಿನಾ ಅವಳು ಬಗ್ಗಿ ಅದನ್ನು ಚೊಂಬಿನಲ್ಲಿ ಮೊಗೆದು, ಉಳಿದದ್ದನ್ನು ಬೋಗುಣಿ ಸಮೇತ ಎತ್ತಿ ಬಗ್ಗಿಸಬೇಕು. ಹಗಲಿಡೀ ಹೊಲಿಗೆ ಯಂತ್ರದ ಮೇಲೆ ಬಗ್ಗುವ ಬೆನ್ನು ಅದು. ಒಂದು ಸೋಮವಾರ ಬಗ್ಗಿದವಳು ಹಾಗೇ ಉಳಿದಳು. ಪಕ್ಕದ ಮನೆಯಾಕೆ ಬಂದು ಗೋಡೆಗೆ ಆನಿಸಿ ನಿಲ್ಲಿಸಬೇಕಾಯಿತು.

ಸಂಜೆ ಅವನು ಬಂದಾಗ ಅವಳು ಹಾಸಿಗೆಯ ಮೇಲೆ ಹಲಗೆಯಂತೆ ಮಲಗಿದ್ದಳು.

"ರೀ, ಒಂದೇ ಮಾತು. ಕೂತಲ್ಲೇ ನೀರು ಖಾಲಿಯಾಗೋ ತೊಟ್ಟಿ ಬೇಕು. ಭಾನುವಾರದೊಳಗೆ."

"ಆಯ್ತು ಮಾರಾಯ್ತಿ, ನಾಳೆ ನೋಡ್ತೀನಿ."

"ನೋಡೋದು ಬೇಡ, ಮಾಡಿ. ಆಗ್ಲಿಲ್ಲ ಅಂದ್ರೆ ಟೇಪುನ ಕರೀತೀನಿ."

ಅವನು ಬಿಚ್ಚುತ್ತಿದ್ದ ಅಂಗಿಯ ಗುಂಡಿಯ ಮೇಲೆ ಕೈ ನಿಂತಿತು. "ಯಾರನ್ನ?"

"ಕಿವಿಗೆ ಬಿತ್ತಲ್ಲ."

"ಪ್ಲಂಬರ್ ಮನೆಗೆ ಪ್ಲಂಬರ್ ಕರೀತೀಯೇನೇ? ಊರಲ್ಲಿ ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

"ನನಗೆ ಬೆನ್ನೇ ಎತ್ತೋಕಾಗ್ತಿಲ್ಲ, ನಿಮ್ಮ ತಲೆ ಕಟ್ಕೊಂಡು ನಾನೇನ್ ಮಾಡ್ಲಿ?"

ಅವಳು ಸುಮ್ಮನೆ ಹೆದರಿಸುವವಳಲ್ಲ. ಮದುವೆಯಾದ ಹೊಸದರಲ್ಲಿ ಕಂತೆಗಟ್ಟಲೆ ಬೀಡಿ ಒಲೆಗೆ ಹಾಕುತ್ತೇನೆ ಎಂದಿದ್ದಳು, ಹಾಕಿದ್ದಳು. ಟೇಪು ತನ್ನ ಬೈಕನ್ನು ಈ ಗೇಟಿನ ಮುಂದೆ ನಿಲ್ಲಿಸುವುದನ್ನು, ಚಹಾದಂಗಡಿಯವನು ಅದನ್ನು ನೋಡುವುದನ್ನು, ನೋಡಿ ಅವನು ಸುಮ್ಮನಿರದಿರುವುದನ್ನು ವಾಷರ್ ಮನಸ್ಸಿನಲ್ಲೇ ಕಂಡ.

ಮರುದಿನ ಅದೃಷ್ಟ ಕೈಹಿಡಿಯಿತು. ಅವನು ಕೆಲಸಕ್ಕೆ ಹೋಗುತ್ತಿದ್ದ ಲಾಡ್ಜಿನಲ್ಲಿ ಹಳೆಯ ಸ್ನಾನದ ತೊಟ್ಟಿಗಳನ್ನು ಕಿತ್ತು ಹಾಕುತ್ತಿದ್ದರು. ಫೈಬರಿನದು, ಹಗುರ, ಒಂದು ಕೊನೆಯಲ್ಲಿ ತೂತು, ತೂತಿಗೆ ರಬ್ಬರ್ ಬಿರಡೆ, ಬಿರಡೆಗೆ ಹೊಳೆಯುವ ಸರಪಳಿ. ಇಷ್ಟೇ ತಾನೇ ಎಂದುಕೊಂಡ. ಹಿತ್ತಲಿನಲ್ಲಿ ಸಿಮೆಂಟ್ ಇಟ್ಟಿಗೆಗಳ ಮೇಲೆ ತೊಟ್ಟಿಯನ್ನು ಕೂರಿಸಿ, ಬಾತುಗಳು ಹತ್ತಲು ಒಂದು ಹಲಗೆ ಓರೆಯಾಗಿಟ್ಟು, ನೀರು ತುಂಬಿಸಿದ.

"ಬಾರೇ ನೋಡು. ಸರಪಳಿ ಎಳೆದ್ರೆ ಸಾಕು, ನೀರು ಖಾಲಿ. ಮಗು ಕೂಡ ಎಳೀಬಹುದು."

ಮಗುವಿಗಿಂತ ಮೊದಲು ಬಾತು ಎಳೆಯಿತು. ನಾಲ್ಕರಲ್ಲಿ ದಪ್ಪನೆಯದು, ಅವಳು ಹೆಡ್ಮೇಷ್ಟ್ರು ಎಂದು ಕರೆಯುತ್ತಿದ್ದದ್ದು, ಹಲಗೆ ಹತ್ತಿ ಬಂದು ಹೊಳೆಯುವ ಸರಪಳಿಯನ್ನು ಕುತ್ತಿಗೆ ಓರೆ ಮಾಡಿ ನೋಡಿತು, ಕೊಕ್ಕಿನಲ್ಲಿ ಕಚ್ಚಿ ಹಿಂದಕ್ಕೆ ನಡೆಯಿತು. ತೊಟ್ಟಿಯ ನೀರೆಲ್ಲ ಇಟ್ಟಿಗೆಗಳ ಮಧ್ಯದಿಂದ ಭೋರೆಂದು ಇಳಿದು ವಾಷರ್‌ನ ಚಪ್ಪಲಿಗಳನ್ನು ಸೊಪ್ಪಿನ ಮಡಿಗೆ ಒಯ್ದಿತು. ಮತ್ತೆ ತುಂಬಿಸಿದ, ಮತ್ತೆ ಎಳೆಯಿತು. ಮೂರನೆಯ ಸಲ ಅವನು ಇನ್ನೂ ಪೈಪು ಕೈಯಲ್ಲಿ ಹಿಡಿದಿದ್ದಾಗಲೇ ಎಳೆಯಿತು.

"ಚೆನ್ನಾಗಿದೆ," ಎಂದಳು ಹೆಂಡತಿ ಕಿಟಕಿಯಿಂದ, ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ. "ನಾನು ಎದ್ದು ಬರೋದೂ ಬೇಡ. ಕೆಲಸ ಅದೇ ಕಲ್ತಿದೆ."

ಬಿರಡೆಯ ಸಹವಾಸ ಸಾಕಾಯಿತು. ತೂತಿಗೆ ಪೈಪು ಜೋಡಿಸಿ ಅದಕ್ಕೊಂದು ವಾಲ್ವು ಹಾಕುವುದೇ ಸರಿ. ಹಾರ್ಡ್‌ವೇರ್ ಅಂಗಡಿಗೆ ಹೋದ. ಅಂಗಡಿಯವನು ಊರಿನ ಪ್ಲಂಬರುಗಳಿಗೆಲ್ಲ ಬೇಕಾದವನು, ಆದ್ದರಿಂದ ಅವನ ಕಿವಿಗೆ ಬಿದ್ದದ್ದು ಟೇಪುವಿನ ಕಿವಿಗೆ ಬಿದ್ದಂತೆಯೇ. ವಾಷರ್ ಬಾಯಿಗೆ ಬೀಗ ಹಾಕಿಕೊಂಡೇ ಒಳಗೆ ಕಾಲಿಟ್ಟ.

"ತೊಟ್ಟಿಗೆ ನೀರು ಹೋಗೋ ಸೆಟ್ ಬೇಕು."

"ಯಾರ ಮನೇದು?"

"ಒಬ್ರು ಗಿರಾಕಿ."

"ಮನೇಲಿ ಎಷ್ಟು ಜನ?"

"ನಾಲ್ಕು."

"ದೊಡ್ಡೋರಾ, ಚಿಕ್ಕೋರಾ?"

ವಾಷರ್ ಯೋಚಿಸಿದ. "ದೊಡ್ಡೋರೇ. ಆದ್ರೆ ಕುಳ್ಳಗಿದಾರೆ."

"ದಿನಕ್ಕೆ ಎಷ್ಟು ಸಲ ಸ್ನಾನ ಮಾಡ್ತಾರೆ?"

"ಇಳಿದ್ರೆ ಎದ್ದು ಬರಲ್ಲ. ನಾಲ್ಕೂ ಜನ ಒಟ್ಟಿಗೇ ಇಳೀತಾರೆ."

ಅಂಗಡಿಯವನ ಹುಬ್ಬು ಮೇಲೇರಿತು. "ಒಟ್ಟಿಗೇನಾ?"

"ಊಟಾನೂ ಅಲ್ಲೇ."

"ಛೇ ಛೇ. ಎಂಥ ಜನ ಸ್ವಾಮಿ!"

"ಬೈಬೇಡಿ ಪಾಪ. ಅವರು ಬೆಳೆದು ಬಂದದ್ದೇ ಹಾಗೆ."

"ಹಂಗಾದ್ರೆ ಕೂದ್ಲು, ಅನ್ನ, ಎಲ್ಲಾ ಪೈಪಿಗೆ ಹೋಗಿ ಕಟ್ಕೊಳ್ಳುತ್ತೆ. ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲಿ ಹಾಕಿ. ನಾನು ಹೇಳೋದು ಕೇಳಿ."

ಕೇಳಿದ. ಇನ್ನೇನು ಮಾಡುತ್ತಾನೆ? ಮನುಷ್ಯರ ತೊಟ್ಟಿಗೆ ಅದು ಒಳ್ಳೆಯ ಸಲಹೆ. ಬಾತು ಎಂದು ಬಾಯಿಬಿಟ್ಟು ಹೇಳದವನು ಜಾಲಿ ಬೇಡ ಎಂದು ಯಾವ ಬಾಯಲ್ಲಿ ಹೇಳಬೇಕು? ಮಿರಮಿರ ಮಿಂಚುವ ಜಾಲಿಯನ್ನು ತಂದು ತೂತಿನ ಬಾಯಿಗೆ ಕೂರಿಸಿದ, ಕೆಳಗೆ ಪೈಪು, ಪೈಪಿಗೆ ವಾಲ್ವು, ವಾಲ್ವಿಗೆ ಕೆಂಪು ಹಿಡಿ. ನೋಡಲು ಲಾಡ್ಜಿನ ಬಚ್ಚಲಿಗಿಂತ ಚೆನ್ನಾಗಿತ್ತು.

ಮರುದಿನ ಸಂಜೆ ಹೆಂಡತಿಯನ್ನು ಕರೆದು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ ಹಿಡಿ ತಿರುಗಿಸಿದ. ಪೈಪಿನಿಂದ ಒಂದು ಗುಟುಕು ನೀರು ಬಂತು. ಆಮೇಲೆ ಒಂದು ಹನಿ. ಆಮೇಲೆ ಅದೂ ಇಲ್ಲ.

"ವಾಷರ್ ಹೋಗಿದ್ಯಾ?" ಎಂದಳು.

ಅವನು ತೋಳು ಮಡಚಿ, ಮುಖ ಆಕಾಶದ ಕಡೆ ತಿರುಗಿಸಿ, ಆ ಹಸಿರು ಗಂಜಿಯೊಳಗೆ ಕೈ ಇಳಿಸಿದ. ಜಾಲಿಯ ಮೇಲೆ ಪುಕ್ಕ, ಹುಲ್ಲು, ನುಚ್ಚು, ಮತ್ತು ಹೆಸರು ಹೇಳಬಾರದ್ದು, ಎಲ್ಲ ಸೇರಿ ದೋಸೆಕಲ್ಲಿನಷ್ಟು ಅಗಲದ ಬಿಲ್ಲೆಯಾಗಿ ಕೂತಿತ್ತು. ಅವನು ಅದನ್ನು ಕೆರೆಯುವಾಗ ಹೆಡ್ಮೇಷ್ಟ್ರು ಬಂದು ಅವನ ಮೊಣಕೈಯನ್ನು ಮೃದುವಾಗಿ ಕಚ್ಚಿ ನೋಡಿತು. ಜಾಲಿ ಕಿತ್ತು ಬಿಸಾಡಿದ. ಸಣ್ಣ ಪೈಪನ್ನೂ ಕಿತ್ತು, ಕಕ್ಕಸಿಗೆ ಹಾಕುವಷ್ಟು ದಪ್ಪದ ಪೈಪು, ಅದಕ್ಕೆ ತಕ್ಕ ದಪ್ಪ ವಾಲ್ವು ಹಾಕಿದ. ಈ ಸಲ ಅಂಗಡಿಗೆ ಹೋಗಲಿಲ್ಲ, ಮನೆಯ ಮಾಡಿನ ಮೇಲಿದ್ದ ಹಳೆ ಸಾಮಾನಿನಲ್ಲೇ ಹುಡುಕಿದ.

ಇಲ್ಲಿಗೆ ಶುಕ್ರವಾರವಾಯಿತು.

ಕೆಲಸ ಅಲ್ಲಿಗೇ ಬಿಟ್ಟಿದ್ದರೆ ಬಹುಶಃ ಸರಿಯಾಗುತ್ತಿತ್ತು. ಇಟ್ಟಿಗೆಗಳನ್ನು ಅವಸರದಲ್ಲಿ ಇಟ್ಟಿದ್ದರಿಂದ ತೊಟ್ಟಿ ಹೇಗೋ ಪೈಪಿನ ಕಡೆಗೇ ವಾಲಿತ್ತು. ಆದರೆ ಅವಳು ಮೆಟ್ಟಿಲ ಮೇಲೆ ನಿಂತು ಒಂದು ಕಣ್ಣು ಮುಚ್ಚಿ ಲಂಗದ ಅಂಚು ಅಳೆಯುವವಳಂತೆ ನೋಡಿದಳು.

"ಓರೆಯಾಗಿದೆ."

"ಏನು ಓರೆ?"

"ತೊಟ್ಟಿ. ನಮ್ಮಮ್ಮನ ಮನೆ ಸಿಂಕಿನ ಥರ."

ಆ ಸಿಂಕಿನ ಕಥೆ ಇಬ್ಬರಿಗೂ ಗೊತ್ತು. ಮದುವೆಯಾದ ವರ್ಷ ಅತ್ತೆಯ ಮನೆಯಲ್ಲಿ ಅವನು ಕೂರಿಸಿದ ಸಿಂಕು ಎಷ್ಟು ಓರೆಯಾಗಿತ್ತೆಂದರೆ ಅದರ ಮೇಲಿಟ್ಟ ಸೋಪು ಇಂದಿಗೂ ನಿಲ್ಲುವುದಿಲ್ಲ. ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದಳು, "ಅಳಿಯಂದಿರ ಕೆಲಸ" ಎಂದು. ಅಂದೇ ವಾಷರ್ ಒಂದು ರಸಮಟ್ಟ ಕೊಂಡಿದ್ದ. ಮೊಣಕೈ ಉದ್ದದ ಹಳದಿ ಪಟ್ಟಿ, ಮಧ್ಯದ ಗಾಜಿನ ಕೊಳವೆಯಲ್ಲಿ ಒಂದು ಗುಳ್ಳೆ. ಗುಳ್ಳೆ ನಟ್ಟನಡುವೆ ನಿಂತರೆ ಮಟ್ಟ ಸರಿ. ಅಂದಿನಿಂದ ಅವನು ಅದಿಲ್ಲದೆ ಗೋಡೆಗೆ ಮೊಳೆ ಹೊಡೆದವನಲ್ಲ. ಟೇಪುವಿಗೂ ಅದನ್ನು ಮುಟ್ಟಲು ಬಿಟ್ಟಿರಲಿಲ್ಲ.

ಶನಿವಾರ ಇಡೀ ದಿನ ಅವನು ಕೆಲಸಕ್ಕೆ ಹೋಗದೆ ತೊಟ್ಟಿಗೆ ಮಟ್ಟ ನೋಡಿದ. ಇಲ್ಲೊಂದು ಹೆಂಚಿನ ಚೂರು, ಅಲ್ಲೊಂದು ತಗಡಿನ ತುಂಡು. ಉದ್ದಕ್ಕೆ ಇಟ್ಟು ನೋಡಿದ, ಅಡ್ಡಕ್ಕೆ ಇಟ್ಟು ನೋಡಿದ, ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ ನೋಡಿದ. ಸಂಜೆಗೆ ಗುಳ್ಳೆ ಯೋಗಿಯಂತೆ ನಟ್ಟನಡುವೆ ಕೂತಿತು.

"ಈಗ ಹೇಳು, ಎಲ್ಲಿ ಓರೆ?"

"ಇಲ್ಲ ಬಿಡಿ. ಕನ್ನಡಿ ಥರ ಇದೆ," ಎಂದಳು ಅವಳು. ಅವನ ಎದೆ ಉಬ್ಬಿತು. "ನೀರು ಬಿಡಿ ನೋಡೋಣ."

ಹಿಡಿ ತಿರುಗಿಸಿದ. ದಪ್ಪ ಪೈಪಿನಿಂದ ನೀರು ಧುಮುಕಿತು, ಪುಕ್ಕ ಹೋಯಿತು, ಹುಲ್ಲು ಹೋಯಿತು. ಅವನು ಸೊಂಟದ ಮೇಲೆ ಕೈಯಿಟ್ಟು ನಿಂತ. ಆಮೇಲೆ ನೀರು ಸಣ್ಣಗಾಯಿತು, ನಿಂತಿತು. ತೊಟ್ಟಿಯ ತಳದಲ್ಲಿ ಅಗಲಕ್ಕೂ ಉದ್ದಕ್ಕೂ ಬೆರಳು ದಪ್ಪ ಕಪ್ಪು ಗಸಿ ಸಮವಾಗಿ ಹರಡಿ ಕೂತಿತ್ತು. ಎಲ್ಲಿಗೂ ಹೋಗುವ ಇರಾದೆ ಅದಕ್ಕಿರಲಿಲ್ಲ. ಹೋಗಲು ದಾರಿ ಎಲ್ಲಿದೆ? ಎಲ್ಲ ಕಡೆಯೂ ಮಟ್ಟ.

ಪೊರಕೆಯಿಂದ ತಳ್ಳಿದ. ಪೊರಕೆ ತೆಗೆದ ಕೂಡಲೇ ಅದು ಹಿಂದಕ್ಕೆ ಬಂತು. ನೀರು ತಾನಾಗಿ ಹರಿದುಹೋಗಲು ನೆಲಕ್ಕೆ ಕೊಡುವ ಇಳಿಜಾರಿಗೆ ಅವನ ಕಸುಬಿನವರು ವಾಟ ಎನ್ನುತ್ತಾರೆ. ಎಷ್ಟು ಬಚ್ಚಲುಗಳಿಗೆ ಅವನು ವಾಟ ಕೊಟ್ಟಿಲ್ಲ! ಇಲ್ಲಿ ಮಾತ್ರ, ಅತ್ತೆಯ ಸಿಂಕಿನ ನೆನಪಲ್ಲಿ, ಇದ್ದ ವಾಟವನ್ನೂ ದಿನವಿಡೀ ಕೂತು ತೆಗೆದುಹಾಕಿದ್ದ. ಈಗ ತಪ್ಪಾಯಿತು ಎಂದರೆ, ಓರೆಯಾಗಿದ್ದದ್ದೇ ಸರಿಯಿತ್ತು ಎಂದು ಒಪ್ಪಿದಂತೆ. ಅದನ್ನು ಒಪ್ಪಿದರೆ ಸಿಂಕೂ ಸರಿಯಿತ್ತು ಎಂದು ವಾದಿಸಬಹುದಿತ್ತೇನೋ, ಆದರೆ ಅವನಿಗೆ ಅಷ್ಟು ದೂರ ಹೊಳೆಯಲಿಲ್ಲ.

"ಗಸಿ ಸ್ವಲ್ಪ ಇದ್ರೆ ಒಳ್ಳೇದು," ಎಂದ. "ಬಾತುಗಳಿಗೆ ಕಾಲು ಜಾರಲ್ಲ."

ಅವಳು ಒಳಗೆ ಹೋದಳು. ಫೋನಿನಲ್ಲಿ ಅವಳ ದನಿ ಕೇಳಿಸಿತು. "ತಮ್ಮಾ, ನಾಳೆ ಬೆಳಿಗ್ಗೆ ಈ ಕಡೆ ಬರ್ತೀಯಾ? ಹೌದಪ್ಪ, ನಮ್ಮನೆಗೇ. ... ನಗಬೇಡ್ವೋ, ಬಾ."

ಅವನು ಅಡುಗೆಮನೆ ಬಾಗಿಲಿಗೆ ಬಂದು ನಿಂತ. "ಭಾನುವಾರ ಇನ್ನೂ ಆಗಿಲ್ಲ."

"ಬೆಳಗಾದ್ರೆ ಭಾನುವಾರ. ಅವನು ಬರೋದ್ರೊಳಗೆ ಗಸಿ ಹೋದ್ರೆ, ಚಾ ಕುಡ್ಕೊಂಡು ಹೋಗ್ತಾನೆ. ಹೋಗ್ಲಿಲ್ಲ ಅಂದ್ರೆ ಚೀಲ ಬಿಚ್ತಾನೆ."

ಬೆಳಿಗ್ಗೆ ಎದ್ದವನೇ ಮಟ್ಟ ಬದಲಿಸಲು ಹೊರಟ. ಮಾನ ಹೋದರೆ ಹೆಂಡತಿಯ ಮುಂದೆ ಹೋಗಲಿ, ಟೇಪುವಿನ ಮುಂದೆ ಬೇಡ. ಹಿತ್ತಲಿಗೆ ಬಂದರೆ ಅವಳು ಆಗಲೇ ತೊಟ್ಟಿ ತುಂಬಿಸಿ ಬಾತುಗಳನ್ನು ಬಿಟ್ಟಾಗಿತ್ತು. ಅವು ಅದರಲ್ಲಿ ಮದುವೆ ಮನೆಯಂತೆ ಗದ್ದಲ ಹಾಕುತ್ತಿದ್ದವು. ತುಂಬಿದ ತೊಟ್ಟಿಯನ್ನು ಅಲ್ಲಾಡಿಸುವುದು ಒಬ್ಬನ ಕೈಯಲ್ಲಾಗುವ ಮಾತಲ್ಲ. ಖಾಲಿ ಮಾಡೋಣವೆಂದರೆ, ಎಷ್ಟು ಎತ್ತಬೇಕೆಂದು ನೋಡಲು ರಸಮಟ್ಟ ಬೇಕು. ಚೀಲದಲ್ಲಿ ರಸಮಟ್ಟವಿರಲಿಲ್ಲ. ಮಂಚದ ಕೆಳಗಿಲ್ಲ, ಮಾಡಿನ ಮೇಲಿಲ್ಲ, ಹೊಲಿಗೆ ಯಂತ್ರದ ಹಿಂದಿಲ್ಲ.

"ಲೇ, ನನ್ನ ರಸಮಟ್ಟ ನೋಡಿದ್ಯಾ?"

"ನಿಮ್ಮ ಸಾಮಾನು ನನಗೇನ್ ಗೊತ್ತು?" ಎಂದಳು ಅವಳು, ಚಹಾಕ್ಕೆ ನೀರಿಡುತ್ತ.

ಗೇಟಿನ ಮುಂದೆ ಬೈಕು ನಿಂತಿತು.

ಟೇಪು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಇಷ್ಟು ದೊಡ್ಡ ದಿನಕ್ಕೆ ಅಷ್ಟಾದರೂ ಬೇಡವೇ? "ಗುರುಗಳೇ, ನಮಸ್ಕಾರ. ಅಕ್ಕ ಫೋನ್ ಮಾಡಿದಾಗ ನಾನು ರಾಂಗ್ ನಂಬರ್ ಅಂದ್ಕೊಂಡೆ."

"ಚಾ ಕುಡಿಯೋಕೆ ಕರೆದದ್ದು. ಕುಡಿದು ಹೋಗು."

"ಚಾ ಓಡಿಹೋಗಲ್ಲ. ಎಲ್ಲಿ, ನಿಮ್ಮ ಸ್ವಿಮ್ಮಿಂಗ್ ಪೂಲು?"

ಹಿತ್ತಲಿಗೆ ಬಂದ ಟೇಪು ತೊಟ್ಟಿಯ ಸುತ್ತ ಒಂದು ಸುತ್ತು ಹಾಕಿದ. ದಪ್ಪ ಪೈಪನ್ನು ನೋಡಿ ತಲೆಯಾಡಿಸಿದ. ನೀರಲ್ಲಿ ಏನೂ ಕಾಣುತ್ತಿರಲಿಲ್ಲ, ಅಷ್ಟು ಹೊತ್ತಿಗೇ ಬಾತುಗಳು ಅದನ್ನು ಗದ್ದೆ ಮಾಡಿದ್ದವು. "ಬಿಡಿ ಗುರುಗಳೇ, ನೋಡೋಣ."

ವಾಷರ್ ಹಿಂದೆ ತಿರುಗಿ ನೋಡಿದ. ಹೆಂಡತಿ ಮೆಟ್ಟಿಲ ಮೇಲೆ ಬಂದು ನಿಂತಿದ್ದಳು. ಪಾರಾಗುವ ದಾರಿ ಇರಲಿಲ್ಲ. ಗಸಿಯ ಬಗ್ಗೆ ಹೇಳಬೇಕಾದ ಸುಳ್ಳನ್ನು ನಾಲಿಗೆಯ ತುದಿಯಲ್ಲಿ ಸಿದ್ಧ ಮಾಡಿಕೊಂಡು ಹಿಡಿ ತಿರುಗಿಸಿದ.

ನೀರು ಧುಮುಕಿತು. ಬಾತುಗಳು ಒಂದೊಂದಾಗಿ ತಳಕ್ಕೆ ಕೂತು ಬೈಯುತ್ತ ಹಲಗೆ ಇಳಿದವು. ನೀರು ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಗಸಿ ತೊಟ್ಟಿಯ ತಲೆಯ ಕಡೆಯಿಂದ ಮೆಲ್ಲಗೆ ಹೊರಟು, ಶಾಲೆ ಬಿಟ್ಟ ಮಕ್ಕಳಂತೆ ಗುಂಪುಗುಂಪಾಗಿ ತೂತಿನ ಕಡೆಗೆ ಓಡಿ, ಪೈಪಿನಿಂದ ಗಬಗಬನೆ ಸೊಪ್ಪಿನ ಮಡಿಗೆ ಬಿತ್ತು. ಕೊನೆಯದಾಗಿ ಒಂದು ಪುಕ್ಕ ಸಾವಕಾಶವಾಗಿ ಹೋಯಿತು. ತಳ ಬೆಳ್ಳಗೆ ಕಂಡಿತು.

ವಾಷರ್ ಬಾಯಿ ತೆರೆದೇ ನಿಂತಿದ್ದ. ಟೇಪು ತನ್ನ ಕಡೆ ತಿರುಗಿದ್ದು ಕಂಡು ಮುಚ್ಚಿದ.

"ವಾಟ," ಎಂದ. "ನಾನು ನಿಂಗೆ ಅದನ್ನೇ ತಾನೇ ಕಲಿಸಿದ್ದು? ಎಲ್ಲಾ ವಾಟದಲ್ಲಿದೆ ಕಣೋ."

"ಒಪ್ಪಿದೆ ಗುರುಗಳೇ. ಸುಳ್ಳು ಯಾಕೆ, ಊರಲ್ಲಿ ಹೇಳೋಕೆ ಏನಾದ್ರೂ ಸಿಗುತ್ತೆ ಅಂತ ಬಂದಿದ್ದೆ. ಏನೂ ಸಿಗ್ಲಿಲ್ಲ. ಎಷ್ಟು ವಾಟ ಕೊಟ್ಟಿದೀರಿ? ನಿಮ್ಮ ರಸಮಟ್ಟ ಕೊಡಿ, ಒಂದ್ಸಲ ಇಟ್ಟು ನೋಡ್ತೀನಿ."

ಆಗಲೇ ವಾಷರ್‌ಗೆ ಕಂಡದ್ದು. ತೊಟ್ಟಿಯ ತಲೆಯ ಕಡೆ, ಇಟ್ಟಿಗೆಗೂ ಫೈಬರಿಗೂ ನಡುವೆ, ಅಡ್ಡಲಾಗಿ ತುರುಕಿದ್ದ ಒಂದು ಹಳದಿ ಪಟ್ಟಿಯ ತುದಿ. ಅವನು ಆಣೆಯಿಟ್ಟು ಕಾಪಾಡಿಕೊಂಡು ಬಂದ ರಸಮಟ್ಟ ಅಲ್ಲಿ ಮರದ ಚೂರಿನಂತೆ ಬಿದ್ದು, ತೊಟ್ಟಿಯನ್ನು ಹೊತ್ತುಕೊಂಡು ಮಲಗಿತ್ತು.

ಅವನು ಥಟ್ಟನೆ ಅಲ್ಲಿಗೆ ಹೋಗಿ ಆ ತುದಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತ. "ರಸಮಟ್ಟ ಇಲ್ಲ. ಯಾರಿಗೋ ಕೊಟ್ಟಿದೀನಿ."

"ನೀವು? ರಸಮಟ್ಟ? ಕೊಟ್ಟಿದೀರಾ?"

"ವಯಸ್ಸಾದ ಮೇಲೆ ಮನುಷ್ಯ ಬದಲಾಗ್ತಾನೆ."

"ಅಲ್ಲಿ ಯಾಕೆ ಕೂತ್ರಿ ಗುರುಗಳೇ?"

"ಬಿಸಿಲು ಕಾಯಿಸ್ತಿದೀನಿ."

ಬಿಸಿಲು ಆ ಕಡೆ ಬಿದ್ದೇ ಇರಲಿಲ್ಲ. ಹೆಡ್ಮೇಷ್ಟ್ರು ಬಂದು ಅವನ ಬೆನ್ನ ಹಿಂದಿನ ಹಳದಿ ತುದಿಯನ್ನು ಕುಟುಕತೊಡಗಿತು. ಅವನು ಮೊಣಕೈಯಿಂದ ದೂಡಿದ, ಅದು ಸುತ್ತು ಹಾಕಿ ಇನ್ನೊಂದು ಕಡೆಯಿಂದ ಬಂತು. ಮೆಟ್ಟಿಲ ಮೇಲೆ ನಿಂತ ಹೆಂಡತಿಯನ್ನು ನೋಡಿದ. ಅವಳ ಮುಖದಲ್ಲಿ ಏನೂ ಇರಲಿಲ್ಲ. ಬಾಯಲ್ಲಿ ಗುಂಡುಸೂಜಿಯೂ ಇರಲಿಲ್ಲ, ಅಂದರೆ ಮಾತಾಡಲು ಸಿದ್ಧಳಾಗಿದ್ದಳು.

"ತಮ್ಮಾ, ಬಾ ಚಾಕ್ಕೆ. ತೊಟ್ಟಿ ಮುಟ್ಟಿದೀಯ, ಅಡುಗೆಮನೆ ನಲ್ಲೀಲಿ ಕೈ ತೊಳ್ಕೊ."

ಅಡುಗೆಮನೆ ನಲ್ಲಿ! ನೀಲಿ ಚೌಕಳಿ ತೊಟ್ಟ ನಲ್ಲಿ! ವಾಷರ್ ಎದ್ದ, ಎದ್ದರೆ ರಸಮಟ್ಟ ಕಾಣುತ್ತದೆಂದು ಕೂತ, ಕೂತರೆ ಟೇಪು ಒಳಗೆ ಹೋಗುತ್ತಾನೆಂದು ಮತ್ತೆ ಎದ್ದ. "ಇಲ್ಲೇ ತೊಳಿ! ಹಿತ್ತಲ ಪೈಪಲ್ಲಿ!"

"ಪೈಪು ನಾನು ಸುತ್ತಿ ಒಳಗಿಟ್ಟೆ," ಎಂದಳು ಅವಳು.

ಅವಳು ಗಂಡನನ್ನೇ ನೋಡುತ್ತಿದ್ದಳು. ಕಣ್ಣನ್ನು ಒಮ್ಮೆ ಹಳದಿ ತುದಿಯ ಕಡೆಗೆ, ಒಮ್ಮೆ ಅಡುಗೆಮನೆಯ ಕಡೆಗೆ ಹೊರಳಿಸಿದಳು. ಅಳತೆ ತೆಗೆದುಕೊಂಡು, ಎಷ್ಟು ಬಟ್ಟೆ ಬೇಕು ಎಂದು ಹೇಳುವ ಮುಖ ಅದು.

"ಚಾ ಕುದಿಯೋಕೆ ಇನ್ನೂ ಸ್ವಲ್ಪ ಹೊತ್ತಿದೆ," ಎಂದಳು. "ಅಷ್ಟರಲ್ಲಿ ಏನಾದ್ರೂ ಕೆಲ್ಸ ಇದ್ರೆ ಮುಗಿಸ್ಕೊಳ್ಳಿ. ನಾನು ತಮ್ಮನಿಗೆ ಇಲ್ಲೇ ಬಾತುಗಳ ಹೆಸರು ಹೇಳ್ತಿರ್ತೀನಿ."

ಅವಳು ಇಳಿದು ಬಂದು ಅವನು ಕೂತಿದ್ದ ಜಾಗದಲ್ಲೇ, ಹಳದಿ ತುದಿ ಮುಚ್ಚುವ ಹಾಗೆ ಸೀರೆಯ ನೆರಿಗೆ ಹರಡಿ, ತೊಟ್ಟಿಗೆ ಒರಗಿ ನಿಂತಳು. ವಾಷರ್ ಚೀಲ ಎತ್ತಿಕೊಂಡು ಒಳಗೆ ಓಡಿದ.

ಚೌಕಳಿ ಬಿಚ್ಚಿದ. ಅದರ ಕೆಳಗೆ ಹಸಿರು, ಅದರ ಕೆಳಗೆ ಖಾಕಿ. ಅವಳು ಹಳೆಯದನ್ನು ಬಿಚ್ಚದೆಯೇ ಹೊಸದು ಸುತ್ತಿದ್ದಳು. ನಲ್ಲಿ ಬಿಚ್ಚಿ ಒಳಗೆ ನೋಡಿದರೆ ಹೋಗಿದ್ದದ್ದು ನಿಜಕ್ಕೂ ವಾಷರೇ. ಹೊಸದು ಹಾಕಿ ತಿರುಚಿದ. ಹೊರಗೆ ಅವಳು ಎರಡನೆಯ ಬಾತಿನ ಹೆಸರು ಹೇಳುತ್ತಿದ್ದಳು. ಚಹಾ ಇನ್ನೂ ಉಕ್ಕಿರಲಿಲ್ಲ.

ಟೇಪು ಒಳಗೆ ಬಂದು ಕೈ ತೊಳೆದ. ಹನಿ ಬೀಳಲಿಲ್ಲ. ಕಟ್ಟೆಯ ಮೇಲೆ ರಾಶಿ ಬಿದ್ದ ಒದ್ದೆ ಚೂರುಗಳನ್ನು ನೋಡಿ, "ನಲ್ಲಿ ಯಾವ ಸ್ಕೂಲಲ್ಲಿ ಓದಿದ್ದು ಅಕ್ಕ?" ಎಂದ.

"ಇವತ್ತಷ್ಟೇ ಪಾಸಾಯ್ತು," ಎಂದಳು ಅವಳು.

ಟೇಪು ಹೋದ ಮೇಲೆ ವಾಷರ್ ಖಾಲಿ ಲೋಟ ಹಿಡಿದುಕೊಂಡೇ ಕೂತಿದ್ದ.

"ಫೈಬರ್ ತೊಟ್ಟಿ ಅಂದ್ರೂ, ಬೆನ್ನು ನೋವಿಟ್ಕೊಂಡು ಹೆಂಗೇ ಎತ್ತಿದೆ?"

"ಪಕ್ಕದ ಮನೆಯಾಕೆ ಎತ್ತಿದ್ದು. ನಾನು ತುರುಕಿದ್ದು. ಅಂಗಿ ಭುಜಕ್ಕೆ ಇಳಿಜಾರು ಬಿಡದೆ ಹೊಲಿದ್ರೆ ಹಾಕ್ಕೊಂಡವರು ಹ್ಯಾಂಗರ್ ಥರ ಕಾಣ್ತಾರೆ. ನಿಮ್ಮ ತೊಟ್ಟಿ ಹಂಗೇ ಕಾಣ್ತಿತ್ತು."

"ಅದಕ್ಕೆ ನನ್ನ ರಸಮಟ್ಟವೇ ಬೇಕಿತ್ತಾ?"

"ಕೈಗೆ ಸಿಕ್ಕಿದ್ದು ಅದು. ಆ ಟೇಪು ಊರೆಲ್ಲ ಹೇಳ್ಕೊಂಡು ಬಂದ್ರೆ ಜನ ನಿಮ್ಮನ್ನ ಕೇಳ್ತಾರಾ? ಲಂಗದ ಅಳತೆ ಕೊಡೋಕೆ ಬಂದು ನನ್ನನ್ನ ಕೇಳ್ತಾರೆ. ನನಗೆ ಪುರುಸೊತ್ತಿಲ್ಲ."

"ಈಗ ತೆಗೀಲಾ?"

"ತೆಗೆದ್ರೆ ಗಸಿ ನಿಲ್ಲುತ್ತೆ. ಗಸಿ ನಿಂತ್ರೆ ಫೋನ್ ಅಲ್ಲೇ ಇದೆ."

ಸೋಮವಾರ ಅವನು ಹಾರ್ಡ್‌ವೇರ್ ಅಂಗಡಿಗೆ ಹೋದ.

"ಬನ್ನಿ ಬನ್ನಿ," ಎಂದ ಅಂಗಡಿಯವನು. "ಆ ಕುಳ್ಳರ ಮನೆ ಕೆಲಸ ಏನಾಯ್ತು? ಜಾಲಿ ಹಾಕಿದ್ರಾ?"

"ಹಾಕಿ ತೆಗೆದೆ. ಅವರಿಗೆ ಹಿಡಿಸ್ಲಿಲ್ಲ."

"ಈಗ ಏನು ಕೊಡ್ಲಿ?"

"ಒಂದು ರಸಮಟ್ಟ."

"ನಿಮ್ಮ ಹತ್ರ ಇತ್ತಲ್ಲ? ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ."

"ಅವರ ಮನೇಲೇ ಉಳ್ಕೊಂಡಿದೆ. ಕೇಳಿದ್ರೆ ಕಚ್ಚೋಕೆ ಬರ್ತಾರೆ."

ಅಂಗಡಿಯವನು ಕಪಾಟಿನಿಂದ ಹೊಸ ರಸಮಟ್ಟ ತೆಗೆದು, ಧೂಳು ಒರೆಸಿ, ಗುಳ್ಳೆ ನೋಡಿ ಅವನ ಕೈಗಿಟ್ಟ.

"ಎಂಥ ಜನ ಸ್ವಾಮಿ!" ಎಂದ.